ಕಣ್ಣಿನ ಚಲನೆ ಮತ್ತು ಮಿದುಳಿನ ಅರಿವು: ಒಂದು ವಾಗ್ವಾದದ ಚರಿತ್ರೆ

ಪ್ರತಿಯೊಂದು ಕಣ್ಣುಗುಡ್ಡೆಯನ್ನು ಆರು ಸ್ನಾಯುಗಳು ಹೊರಳಿಸುತ್ತವೆ. ಮಿದುಳಿನ ಆದೇಶ ಅವುಗಳಿಗೆ ಮೂರು, ನಾಲ್ಕು ಹಾಗೂ ಆರನೆಯ ಕಪಾಲ ನರಗಳ ಮೂಲಕ ತಲಪುತ್ತದೆ. ಕಣ್ಣು ಹೊರಳಿದಾಗಲೆಲ್ಲ ಅಕ್ಷಿಪಟಲದ ಮೇಲಿನ ಬಿಂಬ ಸರಿಯುತ್ತದೆ. ಆದರೂ ಜಗತ್ತು ಸ್ಥಿರವಾಗಿಯೇ ಕಾಣುತ್ತದೆ. ಹಾಗಾದರೆ ಕಣ್ಣು ಎತ್ತ ತಿರುಗಿದೆ ಎಂಬುದನ್ನು ಮಿದುಳು ಹೇಗೆ ಅರಿಯುತ್ತದೆ? ಈ ಪ್ರಶ್ನೆ ಶರೀರಕ್ರಿಯಾವಿಜ್ಞಾನದಲ್ಲಿ ಎರಡು ಪಕ್ಷಗಳನ್ನು ಹುಟ್ಟುಹಾಕಿತು.

ಮೊದಲ ಪಕ್ಷಕ್ಕೆ ತಳಹದಿ ಒದಗಿಸಿದವರು ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್. 1867ರಲ್ಲಿ ಪೂರ್ಣಗೊಂಡ ತಮ್ಮ ದೃಗ್ವಿಜ್ಞಾನ ಗ್ರಂಥದಲ್ಲಿ ಅವರು ಎರಡು ಸಂಗತಿಗಳನ್ನು ಎದುರುಬದುರಾಗಿ ಇರಿಸಿದರು. ಬೆರಳಿನಿಂದ ಕಣ್ಣುಗುಡ್ಡೆಯನ್ನು ಒತ್ತಿದರೆ ದೃಶ್ಯ ಅಲುಗುತ್ತದೆ. ಇಲ್ಲಿ ಚಲನೆಯಿದೆ, ಆದೇಶವಿಲ್ಲ. ಹೊರಬದಿಯ ಸ್ನಾಯು ನಿಶ್ಚೇಷ್ಟಗೊಂಡ ರೋಗಿ ಅತ್ತ ನೋಡಲು ಯತ್ನಿಸಿದರೆ, ಕಣ್ಣು ಕದಲದಿದ್ದರೂ ದೃಶ್ಯ ಸರಿದಂತೆ ತೋರುತ್ತದೆ. ಇಲ್ಲಿ ಆದೇಶವಿದೆ, ಚಲನೆಯಿಲ್ಲ. ಆದುದರಿಂದ ದಿಕ್ಕಿನ ಅರಿವಿಗೆ ಸಂಕಲ್ಪದ ಪ್ರಯತ್ನವೇ ಆಧಾರವೆಂದು ಅವರು ನಿರ್ಣಯಿಸಿದರು. ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ 1918ರಲ್ಲಿ ಇದಕ್ಕೆ ಪ್ರತಿಯಾಗಿ, ಸ್ನಾಯುಗಳಿಂದ ಮರಳಿ ಬರುವ ಸಂವೇದನೆಯ ಪಾತ್ರವನ್ನು ಎತ್ತಿಹಿಡಿದರು.

1950ರಲ್ಲಿ ವಾದಕ್ಕೆ ಹೊಸ ತಿರುವು ದೊರೆಯಿತು. ಎರಿಕ್ ಫಾನ್ ಹೋಲ್ಸ್ಟ್ ಮತ್ತು ಹೋರ್ಸ್ಟ್ ಮಿಟೆಲ್‌ಷ್ಟೇಟ್ ನೊಣದ ತಲೆಯನ್ನು 180 ಡಿಗ್ರಿ ತಿರುಗಿಸಿದರು. ರೋಜರ್ ಸ್ಪೆರಿ ಮೀನಿನ ಕಣ್ಣನ್ನು ತಿರುಗಿಸಿದರು. ಎರಡೂ ಜೀವಿಗಳು ಸುತ್ತು ಹಾಕತೊಡಗಿದವು. ಸ್ನಾಯುವಿಗೆ ಹೋಗುವ ಆದೇಶದ ಪ್ರತಿಯೊಂದು ಮಿದುಳಿನಲ್ಲಿಯೇ ಉಳಿದು, ನಿರೀಕ್ಷಿತ ಬಿಂಬಚಲನೆಯನ್ನು ಸರಿದೂಗಿಸುತ್ತದೆ ಎಂಬ ಸಿದ್ಧಾಂತವನ್ನು ಅವರು ಬೇರೆಬೇರೆಯಾಗಿಯೇ ತಲಪಿದರು.

1960ರಲ್ಲಿ ಬ್ರಿಂಡ್ಲಿ ಮತ್ತು ಮರ್ಟನ್ ಮನುಷ್ಯರ ಕಣ್ಣಿನ ಹೊರಮೈಯನ್ನು ಮರಗಟ್ಟಿಸಿ, ನೋಟವನ್ನು ಮರೆಮಾಡಿ, ಕಣ್ಣುಗುಡ್ಡೆಯನ್ನು ಚಿಮಟದಿಂದ ಎಳೆದು ಹೊರಳಿಸಿದರು. ಅದು ಹೊರಳಿದ್ದು ಅವರ ಅರಿವಿಗೆ ಬರಲಿಲ್ಲ. ಇದರಿಂದ ಶೆರಿಂಗ್ಟನ್ ಪಕ್ಷ ಸೋತಂತೆಯೇ ಕಂಡಿತು. ಆದರೆ ಪ್ರಯೋಗ ಪರೀಕ್ಷಿಸಿದ್ದು ಪ್ರಜ್ಞೆಗೆ ನಿಲುಕುವ ಅನುಭವವನ್ನು ಮಾತ್ರ. ಪ್ರಜ್ಞೆಗೆ ನಿಲುಕದ ಸಂಕೇತ ಇಲ್ಲವೆಂದು ಅದು ಸಾಧಿಸಿರಲಿಲ್ಲ.

ಮಂಗಗಳ ಮೇಲಿನ ಅಧ್ಯಯನಗಳು ಈ ಅಂತರವನ್ನು ಸ್ಪಷ್ಟಪಡಿಸಿದವು. 2002ರಲ್ಲಿ ಸಾಮರ್ ಮತ್ತು ವುರ್ಟ್ಸ್, ಆದೇಶದ ಪ್ರತಿಯು ನಡುಮಿದುಳಿನಿಂದ ಥಲಾಮಸ್ ಮೂಲಕ ಮಿದುಳಿನ ಮುಂಭಾಗದ ಹೊರಪದರಕ್ಕೆ ಸಾಗುವುದನ್ನು ತೋರಿಸಿದರು. 2007ರಲ್ಲಿ ಗೋಲ್ಡ್‌ಬರ್ಗ್ ಅವರ ತಂಡ ಸ್ಪರ್ಶಸಂವೇದನೆಗೆ ಸಂಬಂಧಿಸಿದ ಹೊರಪದರದಲ್ಲಿ ಕಣ್ಣಿನ ಸ್ಥಾನ ಸೂಚಿಸುವ ಸಂಕೇತವನ್ನು ಗುರುತಿಸಿತು. ಕಣ್ಣುಗೂಡಿಗೆ ಅರಿವಳಿಕೆ ನೀಡಿದಾಗ ಅದು ಇಲ್ಲವಾಯಿತು.

ಆದೇಶದ ಪ್ರತಿ ಚಲನೆಗೆ ಮುನ್ನವೇ ಸಿದ್ಧವಾಗುತ್ತದೆ. ಸ್ನಾಯುಸಂವೇದನೆ ಚಲನೆಯನ್ನು ಹಿಂಬಾಲಿಸಿ ಬರುತ್ತದೆ. ಒಂದನ್ನು ಒಪ್ಪಲು ಮತ್ತೊಂದನ್ನು ನಿರಾಕರಿಸಬೇಕೆಂಬ ಭಾವನೆಯೇ ಈ ವಾಗ್ವಾದವನ್ನು ದೀರ್ಘಗೊಳಿಸಿತೆಂಬುದು ಇದರ ಚರಿತ್ರೆಯಿಂದ ವಿದಿತವಾಗುತ್ತದೆ.