ಹಾಳು ನೆಲವೋ, ನೀರಿನ ನೆಲವೋ? : ಮುಂಬಯಿಯ ಕಾಂಡ್ಲಾವನಗಳ ಚರಿತ್ರೆ

ಪ್ರವಾಹ, ಚಂಡಮಾರುತಗಳಂತಹ ವಿಪತ್ತುಗಳ ತೀವ್ರತೆಯನ್ನು ಕಾಡು, ಜೌಗು, ಕೆರೆಗಳ ನೆರವಿನಿಂದಲೇ ತಗ್ಗಿಸಬಹುದೆಂಬ ವಿಚಾರ ಈಚೆಗೆ ಅಂತರರಾಷ್ಟ್ರೀಯ ಮನ್ನಣೆ ಪಡೆದಿದೆ. ೨೦೧೫ರಲ್ಲಿ ಜಪಾನಿನ ಸೆಂಡೈ ನಗರದಲ್ಲಿ ಅಂಗೀಕೃತವಾದ ಒಡಂಬಡಿಕೆಯಲ್ಲಿಯೂ ಇದಕ್ಕೆ ಸ್ಥಾನ ದೊರೆತಿದೆ. ಆದರೆ ಈ ತಿಳಿವಳಿಕೆ ಹೊಸದಲ್ಲ; ಅದರ ಚರಿತ್ರೆ ಬಹುಮಟ್ಟಿಗೆ ಶಬ್ದಗಳಲ್ಲಿ ಅಡಗಿದೆ. ಒಂದು ನೆಲವನ್ನು ಆಡಳಿತ ಯಾವ ಹೆಸರಿನಿಂದ ಗುರುತಿಸಿತೆಂಬುದು ಆ ನೆಲದ ಮುಂದಿನ ಗತಿಯನ್ನು ಹೇಗೆ ನಿರ್ಧರಿಸಿತು ಎಂಬುದನ್ನು ಮುಂಬಯಿಯ ನಿದರ್ಶನದಿಂದ ಇಲ್ಲಿ ಪರಿಶೀಲಿಸುತ್ತೇವೆ. ಕರಾವಳಿಯ ಕನ್ನಡಿಗರು ತಲೆಮಾರುಗಳಿಂದ ಬಂದು ನೆಲೆಸಿದ ನಗರವಿದು. ೧೮೬೨ರಿಂದ ೧೯೫೬ರವರೆಗೆ ಉತ್ತರ ಕನ್ನಡ ಜಿಲ್ಲೆಯೂ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿತ್ತು. ಆದುದರಿಂದ ಎರಡು ತೀರಗಳನ್ನು ಒಟ್ಟಿಗೆ ನೋಡುವುದು ಉಚಿತವೆಂದು ಭಾವಿಸಿದ್ದೇವೆ.

ಅಳಿವೆಗಳ ಉಪ್ಪುನೀರಿನಲ್ಲಿ ಬೆಳೆಯುವ ಕಾಡನ್ನು ಕನ್ನಡ ಕರಾವಳಿಯ ಜನ ಕಾಂಡ್ಲಾ ಎನ್ನುತ್ತಾರೆ. ಮರಾಠಿಯಲ್ಲಿ ಅದು ಕಾಂದಳವನ. ಉಬ್ಬರದ ನೀರು ಬಂದು ಹೋಗುವ ತಗ್ಗುಗದ್ದೆ ಉತ್ತರ ಕನ್ನಡದಲ್ಲಿ ಗಜನಿ, ಗೋವೆಯಲ್ಲಿ ಖಾಜಣ. ಈ ಹೆಸರುಗಳ ಸಾಮ್ಯ ಮೇಲುನೋಟಕ್ಕೇ ವಿದಿತವಾಗುತ್ತದೆ. ಇವು ಬಳಕೆಯ ನೆಲದ ಹೆಸರುಗಳೆಂಬುದು ಗಮನಾರ್ಹ. ವಸಾಹತು ಕಾಲದ ಕಂದಾಯ ವ್ಯವಸ್ಥೆಯಾದರೋ ಆದಾಯ ತಾರದ ನೆಲವನ್ನೆಲ್ಲ 'ಹಾಳು' ಎಂಬ ಒಂದೇ ವರ್ಗದಲ್ಲಿ ಸೇರಿಸಿತು. ಜೌಗಿನ ಕೆಟ್ಟ ಗಾಳಿಯಿಂದಲೇ ಜ್ವರ ಹರಡುತ್ತದೆಂಬ ಅಂದಿನ ವೈದ್ಯಕೀಯ ನಂಬಿಕೆಯೂ ಅದಕ್ಕೆ ಬೆಂಬಲವಾಯಿತು. ಹೀಗಾಗಿ ಜೌಗನ್ನು ತುಂಬುವುದು ಆದಾಯಕ್ಕೂ ಆರೋಗ್ಯಕ್ಕೂ ಹಿತವಾದ ಕಾರ್ಯವೆನಿಸಿತು.

ಮುಂಬಯಿ ಮೂಲತಃ ಏಳು ದ್ವೀಪಗಳ ಸಮೂಹ. ೧೬೬೮ರಲ್ಲಿ ಅದು ಈಸ್ಟ್ ಇಂಡಿಯಾ ಕಂಪನಿಯ ವಶವಾದಾಗ ದ್ವೀಪಗಳ ನಡುವೆ ಉಬ್ಬರದ ನೀರು ಹರಿದಾಡುತ್ತಿತ್ತು. ೧೮ನೆಯ ಶತಮಾನದ ಉತ್ತರಾರ್ಧದಲ್ಲಿ ಗವರ್ನರ್ ವಿಲಿಯಂ ಹಾರ್ನ್‌ಬಿಯ ಕಾಲದಲ್ಲಿ ಮಹಾಲಕ್ಷ್ಮಿ ಮತ್ತು ವರ್ಳಿಗಳ ನಡುವಣ ಕಂಡಿಗೆ ಒಡ್ಡು ಕಟ್ಟಲಾಯಿತು. ೧೯ನೆಯ ಶತಮಾನದ ಆರಂಭಕ್ಕೆ ಸಾಯನ್ ಬಳಿಯೂ, ೧೮೪೫ರಲ್ಲಿ ಅವಾಬಾಯಿ ಜೀಜೀಭಾಯಿಯವರ ದಾನದಿಂದ ಮಾಹಿಮ್ ಬಳಿಯೂ ಒಡ್ಡುದಾರಿಗಳು ಸಿದ್ಧವಾದವು. ದೋಣಿಯ ಅಪಾಯಕರ ಪ್ರಯಾಣ ತಪ್ಪಿ ಜನರಿಗೆ ಮಹದುಪಕಾರವಾಯಿತೆಂಬುದು ನಿಜ. ಆದರೆ ಸಾಲ್ಸೆಟ್ ದ್ವೀಪದ ಮಳೆನೀರನ್ನು ಕಡಲಿಗೆ ಒಯ್ಯುವ ಅಳಿವೆಯ ಬಾಯಿ ಅಂದಿನಿಂದಲೇ ಕಿರಿದಾಗತೊಡಗಿತು.

ಆ ನೀರನ್ನು ಒಯ್ಯುವ ನದಿ ಮೀಠೀ. ವಿಹಾರ ಮತ್ತು ಪವಯಿ ಕೆರೆಗಳ ಕೋಡಿನೀರಿನಿಂದ ಹೊರಟು, ಸುಮಾರು ೧೮ ಕಿಲೋಮೀಟರು ಹರಿದು, ಮಾಹಿಮ್ ಕೊಲ್ಲಿಯನ್ನು ಅದು ಸೇರುತ್ತದೆ. ಕೆಳಹರಿವಿನ ಜೌಗು ಈ ನದಿಯ ಬೊಕ್ಕಸದಂತಿತ್ತು. ಉಬ್ಬರದ ವೇಳೆ ಕಡಲು ಬಾಗಿಲು ಮುಚ್ಚಿದಾಗ ಮಳೆಯ ನೀರು ಅಲ್ಲಿ ಹರಡಿ ನಿಂತು, ಇಳಿತದಲ್ಲಿ ಹೊರಹೋಗುತ್ತಿತ್ತು. ಕಾಂಡ್ಲಾದ ಬೇರುಗಳು ಹೂಳನ್ನು ತಡೆದು ದಡವನ್ನು ಹಿಡಿಯುತ್ತಿದ್ದವು. ೨೦ನೆಯ ಶತಮಾನದಲ್ಲಿ ವಿಮಾನ ನಿಲ್ದಾಣದ ವಿಸ್ತರಣೆಗಾಗಿ ನದಿಯ ಪಾತ್ರವನ್ನು ತಿರುಗಿಸಲಾಯಿತು. ೧೯೭೦ರ ದಶಕದಿಂದೀಚೆಗೆ ಜೌಗಿನ ವಿಸ್ತಾರ ಭಾಗವನ್ನು ತುಂಬಿ ಬಾಂದ್ರಾ-ಕುರ್ಲಾ ವಾಣಿಜ್ಯ ಸಂಕೀರ್ಣವನ್ನು ನಿರ್ಮಿಸಲಾಯಿತು. ಬಡವರ ಗುಡಿಸಲುಗಳೂ ಸಣ್ಣ ಕಾರ್ಖಾನೆಗಳೂ ದಡವನ್ನು ಒತ್ತಿದವು. ಆದರೆ ದೂಷಣೆ ಬಹುಪಾಲು ಗುಡಿಸಲುಗಳ ಮೇಲೆಯೇ ಬಿದ್ದಿತು.

೨೦೦೫ರ ಜುಲೈ ೨೬ರಂದು ಸಾಂತಾಕ್ರೂಜ್‌ನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರು ಮಳೆ ಸುರಿಯಿತು. ದಕ್ಷಿಣದ ಕೊಲಾಬಾದಲ್ಲಿ ಅದು ಸುಮಾರು ೭೩ ಮಿಲಿಮೀಟರು ಮಾತ್ರ. ಉಬ್ಬರವೂ ಅದೇ ಹೊತ್ತಿಗೆ ಕೂಡಿಬಂದಿತು. ನೂರಾರು ಜನ ಪ್ರಾಣ ಕಳೆದುಕೊಂಡರು. ಇಂತಹ ಮಳೆಯನ್ನು ಯಾವ ಕಾಂಡ್ಲಾವನವೂ ಸಂಪೂರ್ಣವಾಗಿ ತಡೆಯಲಾರದು. ಆದರೆ ನಿಲ್ಲಲು ಎಡೆಯಿದ್ದ ನೀರು ಜೌಗಿನಲ್ಲಿ ನಿಲ್ಲುತ್ತದೆ. ಎಡೆಯಿಲ್ಲದ ನೀರು ಮನೆಗಳಲ್ಲಿ ನಿಲ್ಲುತ್ತದೆ. ೧೯೯೯ರ ಒಡಿಶಾ ಚಂಡಮಾರುತವನ್ನು ಕುರಿತು ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಂತಹುದೇ ಸಮತೋಲನದ ಮಾತನ್ನು ಹೇಳುತ್ತದೆ. ಕೇಂದ್ರಾಪಾಡಾ ಜಿಲ್ಲೆಯಲ್ಲಿ ಕಡಲಿಗೂ ತಮಗೂ ನಡುವೆ ಅಗಲವಾದ ಕಾಂಡ್ಲಾ ಉಳಿದಿದ್ದ ಹಳ್ಳಿಗಳಲ್ಲಿ ಸಾವು ಕಡಿಮೆಯಾಗಿತ್ತು; ಆದರೆ ಮುನ್ಸೂಚನೆಯಿಂದ ಉಳಿದ ಜೀವಗಳು ಇನ್ನೂ ಹೆಚ್ಚು. ಕಾಡು ಎಚ್ಚರಿಕೆಗೆ ಪೂರಕವೇ ಹೊರತು ಬದಲಿಯಲ್ಲ.

ಇನ್ನು ಕನ್ನಡ ತೀರದ ಸಾಕ್ಷ್ಯ. ಅಘನಾಶಿನಿಯ ಗಜನಿಗಳಲ್ಲಿ ರೈತರು ಮಣ್ಣಿನ ಕಟ್ಟೆ ಹಾಕಿ, ಮರದ ಹಲಗೆಗಳ ತೂಬಿನಿಂದ ಉಬ್ಬರವಿಳಿತವನ್ನು ನಿಯಂತ್ರಿಸಿ, ಮಳೆಗಾಲದಲ್ಲಿ ಉಪ್ಪನ್ನೂ ಮುಳುಗಡೆಯನ್ನೂ ತಾಳಬಲ್ಲ ಕಗ್ಗ ಭತ್ತವನ್ನು ಬೆಳೆದರು. ಸುಗ್ಗಿಯ ನಂತರ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿದರು. ಕಟ್ಟೆಯ ಹೊರಮೈಯ ಕಾಂಡ್ಲಾ ಅಲೆಗಳ ಹೊಡೆತವನ್ನು ತಗ್ಗಿಸುತ್ತಿತ್ತು. ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ಖಾರ್ ಭೂಮಿಗಳ ಕಾಯಿದೆ ಬಂದಿತು. 'ಖಾರ್' ಎಂದರೆ ಉಪ್ಪುನೆಲ. ಕಡಲನ್ನು ಹೊರಗಿಟ್ಟು ಆ ನೆಲವನ್ನು ಸುಧಾರಿಸುವುದು ಅದರ ಆಶಯ. ಅನಂತರದ ದಶಕಗಳಲ್ಲಿ ಅಘನಾಶಿನಿಯಲ್ಲಿಯೂ ಕಾಯಮ್ಮಾದ ಕಟ್ಟೆಗಳು ಎದ್ದವು. 'ಖಾರ್‌ಲ್ಯಾಂಡ್' ಎಂಬ ಆಡಳಿತದ ಶಬ್ದ ಗಜನಿಯ ಪಕ್ಕದಲ್ಲಿ ಬಂದು ಕುಳಿತಿತು. ನೀರಿನೊಡನೆ ಬದುಕುವ ವಿಧಾನ ನೀರನ್ನು ಹೊರಗಿಡುವ ವಿಧಾನಕ್ಕೆ ಎಡೆಮಾಡಿಕೊಟ್ಟಿತು.

ಮುಂಬಯಿಯಲ್ಲಿ ಪ್ರವಾಹದ ವರ್ಷವೇ ಉಚ್ಚ ನ್ಯಾಯಾಲಯ ಕಾಂಡ್ಲಾ ಕಡಿಯುವುದನ್ನೂ, ಅದರ ೫೦ ಮೀಟರುಗಳೊಳಗೆ ಕಟ್ಟಡ ಕಟ್ಟುವುದನ್ನೂ ನಿಷೇಧಿಸಿತು. ೨೦೧೨ರಲ್ಲಿ ಮಹಾರಾಷ್ಟ್ರ ಸರ್ಕಾರ ಇದಕ್ಕೆಂದೇ ಪ್ರತ್ಯೇಕ ಘಟಕವನ್ನು ಸ್ಥಾಪಿಸಿತು. ೨೦೧೮ರಲ್ಲಿ ನ್ಯಾಯಾಲಯ ತನ್ನ ನಿಷೇಧವನ್ನು ದೃಢಪಡಿಸಿತು. 'ಹಾಳು' ಎನಿಸಿದ್ದ ನೆಲ ದಾಖಲೆಯಲ್ಲಿ 'ಅರಣ್ಯ'ವಾದುದು ಸಾಮಾನ್ಯ ಸಂಗತಿಯಲ್ಲ. ಆದರೂ ಸಾರ್ವಜನಿಕ ಹಿತದ ಯೋಜನೆಗಳಿಗೆ ನ್ಯಾಯಾಲಯದ ಅನುಮತಿ ಪಡೆದು ಕಡಿಯುವ ಅವಕಾಶವಿದ್ದು, ಪರಿಹಾರವಾಗಿ ಬೇರೆಡೆ ಸಸಿ ನೆಡಲಾಗುತ್ತದೆ. ಮರವನ್ನು ಬೇರೆಡೆ ನೆಡಬಹುದು; ಮೀಠೀ ನದಿಯ ನೀರು ನಿಲ್ಲುವ ಎಡೆಯನ್ನು ಬೇರೆಡೆಗೆ ಒಯ್ಯಲಾಗದು. ಗಜನಿ ಎಂಬ ಶಬ್ದ ಮರವನ್ನಾಗಲಿ ಮಣ್ಣನ್ನಾಗಲಿ ಪ್ರತ್ಯೇಕಿಸಿ ಹೇಳದೆ, ನೀರು ಬಂದುಹೋಗುವ ಸ್ಥಳವನ್ನೇ ಹೆಸರಿಸಿತು. ನಗರದ ನಕ್ಷೆಗಳು ಕಲಿಯಬೇಕಾದ ಪಾಠ ಆ ಶಬ್ದದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.