ಸರಪಳಿಯ ಅಳತೆ

ನಮ್ಮ ಭಾಷೆಯಲ್ಲಿ ‘ನಾಯಿಪಾಡು’ ಎಂಬ ಮಾತಿದೆ. ಮನುಷ್ಯರು ತಮ್ಮ ಕಷ್ಟ ಹೇಳಿಕೊಳ್ಳುವಾಗ ಆಡುವ ಮಾತದು. ನಾಯಿಗೇ ನಾಯಿಪಾಡು ಬಂದಾಗ ಏನೆನ್ನಬೇಕೋ ಯಾರೂ ಹೇಳಿಲ್ಲ. ಅದೇ ಕನ್ನಡದಲ್ಲಿ, ಸಾವಿರ ವರ್ಷಕ್ಕೂ ಹಿಂದೆ, ಒಂದು ನಾಯಿಗಾಗಿ ಕಲ್ಲು ನೆಟ್ಟು ಶಾಸನ ಬರೆಸಿದವರೂ ಇದ್ದರು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ಚೋಳರಿಗೂ ರಾಷ್ಟ್ರಕೂಟರಿಗೂ ದೊಡ್ಡ ಯುದ್ಧವಾಯಿತು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಡೆ ಗಂಗರ ಇಮ್ಮಡಿ ಬೂತುಗ, ಬೂತುಗನ ಜೊತೆ ಅವನ ವೀರ ಮಣಲೇರ. ಮಣಲೇರನ ಶೌರ್ಯಕ್ಕೆ ಅರಸ ಮೆಚ್ಚಿ ‘ಬೇಕಾದ್ದು ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಕಾದಾಡಿ, ಎರಡೂ ಒಟ್ಟಿಗೇ ಸತ್ತವು. ಗುಡಿಯ ಮುಂದೆ ಕಲ್ಲು ನೆಟ್ಟರು, ಭೂಮಿ ಬಿಟ್ಟರು. ಅದನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದೂ ಬರೆಸಿದರು. ಮೊದಲು ನಾಯಿಗೆ ಸಲ್ಲಬೇಕಾದ್ದು, ಆಮೇಲೆ ನಿನ್ನ ಊಟ.

ಕಾಳಿಯ ಈ ಕತೆ ಓದಿದ್ದ ನನಗೆ, 2018ರಲ್ಲಿ ನಮ್ಮ ಬಡಾವಣೆಯಲ್ಲಿ ಕಂಡ ನಾಯಿಯನ್ನು ನೋಡಿಯೂ ನೋಡದಂತೆ ಹೋಗಲಾಗಲಿಲ್ಲ. ಅರ್ಧಕ್ಕೆ ನಿಂತ ಮನೆಯೊಂದರ ಕಂಬಕ್ಕೆ ಕಟ್ಟಿದ್ದ ಗ್ರೇಟ್ ಡೇನ್ ಅದು. ಕರುವಿನಷ್ಟು ಎತ್ತರ. ಹೆಸರು ಟೈಗರ್, ಆದರೆ ಮೈಮೇಲೆ ಪಟ್ಟೆ ಅಂತ ಇದ್ದದ್ದು ಪಕ್ಕೆಲುಬುಗಳದ್ದು ಮಾತ್ರ. ಮರಿಯಿದ್ದಾಗ ಅಂತಸ್ತಿಗೆಂದು ತಂದಿದ್ದರಂತೆ. ಬೆಳೆದು ಹೊಟ್ಟೆ ದೊಡ್ಡದಾದ ಮೇಲೆ ಕಾವಲಿಗೆಂದು ಇಲ್ಲಿ ತಂದು ಕಟ್ಟಿದ್ದರು. ನಾಯಿಗೆ ಕೆಲಸವಿಲ್ಲ, ಕೂರಲು ಪುರುಸೊತ್ತಿಲ್ಲ ಅನ್ನುತ್ತಾರಲ್ಲ, ಈ ನಾಯಿಗೆ ಪುರುಸೊತ್ತು ಬಿಟ್ಟರೆ ಬೇರೇನೂ ಇರಲಿಲ್ಲ. ನಾವು ಕೇಳಿದಾಗ ಯಜಮಾನರು ಒಂದು ಮಾತೂ ಆಡದೆ ಒಪ್ಪಿದರು. ಬಿಚ್ಚಿ ತಂದ ಸರಪಳಿ ನಮ್ಮ ಮನೆಯ ತಕ್ಕಡಿಯಲ್ಲಿ ಎರಡೂವರೆ ಕಿಲೋ ತೂಗಿತು. ಐವತ್ತು ಕಿಲೋ ದಾಟಬೇಕಾಗಿದ್ದ ನಾಯಿ ಮೂವತ್ತೆರಡಿತ್ತು.

ಹಸಿದವರಿಗೆ ಹೊಟ್ಟೆ ತುಂಬ ಬಡಿಸುವುದೇ ಪುಣ್ಯ ಅಂತ ಬೆಳೆದವರು ನಾವು. ಡಾಕ್ಟರು ಬೇಡ ಅಂದರು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಗೇ ತುಂಬಿಸಿದರೆ ಜೀವಕ್ಕೇ ಅಪಾಯವಂತೆ. ಅದೂ ಅಲ್ಲದೆ ಈ ಜಾತಿಯ ಆಳವಾದ ಎದೆಯ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ಜಠರವೇ ತಿರುಚಿಕೊಳ್ಳುವುದುಂಟು. ಹಾಗಾಗಿ ದಿನಕ್ಕೆ ನಾಲ್ಕು ಹೊತ್ತು, ಹೊತ್ತಿಗೆ ಸ್ವಲ್ಪ. ಉಂಡ ಮೇಲೆ ಓಡಾಟವಿಲ್ಲ. ಮೊಟ್ಟೆ ಬೇಯಿಸಲು ಹಿತ್ತಿಲಲ್ಲಿ ಬೇರೆ ಒಲೆ ಹೂಡಿದೆ. ಮೊದಲು ಮೂಗು ಮುರಿದ ಅತ್ತೆಯವರು ಹದಿನೈದು ದಿನ ಕಳೆಯುವಷ್ಟರಲ್ಲಿ ‘ಅದರ ನಾಲ್ಕು ಗಂಟೆಯ ಊಟ ಆಯ್ತೇನೇ?’ ಎಂದು ತಾವೇ ನೆನಪಿಸತೊಡಗಿದರು. ಸಿಮೆಂಟಿನ ಮೇಲೆ ಮಲಗಿ ಮಲಗಿ ಮೊಣಕೈಗಳಲ್ಲಿ ಹುಣ್ಣಾಗಿದ್ದವು. ಅವರ ಹಳೆಯ ಕೌದಿ ಹಾಸಿಗೆಯಾಯಿತು. ಕುತ್ತಿಗೆಯ ಗಾಯಕ್ಕೆ ದಿನಾ ಮುಲಾಮು.

ಗಾಯ ಎರಡು ತಿಂಗಳಲ್ಲಿ ಮಾಯಿತು. ಮಾಯದೆ ಉಳಿದದ್ದು ಬೇರೆ. ಅಂಗಳದಲ್ಲಿ ಬಿಟ್ಟರೆ ಟೈಗರ್ ತಾನು ಮಲಗುವ ಜಾಗದ ಸುತ್ತ ಆರಡಿಯಷ್ಟೇ ನಡೆದು, ಅಲ್ಲಿಗೆ ಗಕ್ಕನೆ ನಿಂತುಬಿಡುತ್ತಿತ್ತು. ಸರಪಳಿ ಬಿಚ್ಚಿದ್ದೆವು, ಅದರ ಅಳತೆ ಬಿಚ್ಚಿರಲಿಲ್ಲ. ಪೊರಕೆ ಕೈಗೆತ್ತಿಕೊಂಡರೆ ಅಷ್ಟು ದೊಡ್ಡ ಪ್ರಾಣಿ ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು. ನಾನು ಗುಡಿಸುವ ಹೊತ್ತಿಗೆ ಅದನ್ನು ಹಿತ್ತಿಲಿಗೆ ಕಳಿಸುತ್ತಿದ್ದೆ. ಊಟದ ತಟ್ಟೆಯನ್ನು ವಾರಕ್ಕೆ ಒಂದು ಗೇಣು ದೂರ ಸರಿಸುತ್ತಾ ಬಂದೆ. ಎಳೆಯಲಿಲ್ಲ, ಗದರಲಿಲ್ಲ.

ಆ ದಿನಗಳಲ್ಲೇ ಲಂಡನ್ನಿನ ಮೇರಿ ಟೀಲ್ಬಿಯ ಬಗ್ಗೆ ಓದಿದ್ದು. ಗೆಳತಿಯೊಬ್ಬಳಿಗೆ ಸಿಕ್ಕಿದ ಹಸಿದ ನಾಯಿಗೆ ಈಕೆ ಅಡುಗೆಮನೆಯಲ್ಲೇ ಆರೈಕೆ ಮಾಡಿದಳಂತೆ. ನಾಯಿ ಉಳಿಯಲಿಲ್ಲ. ಆದರೆ 1860ರಲ್ಲಿ ಹಾಲೊವೇ ಎಂಬಲ್ಲಿ ದಿಕ್ಕಿಲ್ಲದ ನಾಯಿಗಳಿಗೊಂದು ಮನೆ ತೆರೆದಳು. ಟೈಮ್ಸ್ ಪತ್ರಿಕೆ ಗೇಲಿ ಮಾಡಿತು. ಮೇರಿ 1865ರಲ್ಲಿ ತೀರಿಕೊಂಡಳು. ಅವಳು ತೆರೆದ ಮನೆ 1871ರಲ್ಲಿ ಬ್ಯಾಟರ್‌ಸಿಗೆ ಹೋಗಿ ಇಂದಿಗೂ ನಡೆಯುತ್ತಿದೆ. ನಮ್ಮ ಬೆಂಗಳೂರಿಗೂ 1991ರಲ್ಲಿ ಇಂಥದೇ ಒಬ್ಬಾಕೆ, ಎಂಬತ್ತು ದಾಟಿದ ಕ್ರಿಸ್ಟಲ್ ರೋಜರ್ಸ್, ಬಂದು ಕ್ಯೂಪಾ ಸಂಸ್ಥೆಯನ್ನು ಹುಟ್ಟುಹಾಕಿದರು.

ನಮ್ಮ ದೇಶದ ಕಾನೂನಿನ ಹಿಂದೆಯೂ ಒಬ್ಬ ಹೆಣ್ಣುಮಗಳಿದ್ದಾಳೆ. ರುಕ್ಮಿಣೀದೇವಿ ಅರುಂಡೇಲ್ ಎಂದರೆ ಭರತನಾಟ್ಯ, ಕಲಾಕ್ಷೇತ್ರ ಎಂದಷ್ಟೇ ನಮಗೆ ನೆನಪು. ಪ್ರಾಣಿಹಿಂಸೆಯ ವಿರುದ್ಧ ರಾಜ್ಯಸಭೆಯಲ್ಲಿ 1953ರಲ್ಲಿ ಖಾಸಗಿ ಮಸೂದೆ ತಂದವರು ಅವರೇ. ಸರ್ಕಾರವೇ ಕಾನೂನು ತರುತ್ತದೆ ಎಂದು ನೆಹರೂ ಮಾತುಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. 1960ರಲ್ಲಿ ಕಾಯಿದೆ ಬಂತು, 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಬಂತು. ಮೊದಲ ಅಧ್ಯಕ್ಷೆ ಅವರೇ. ಆ ಕಾಯಿದೆಯ ಹನ್ನೊಂದನೆಯ ಕಲಮು ಓದಿದಾಗ ನನಗೆ ಟೈಗರನನ್ನು ನೋಡಿಯೇ ಬರೆದಂತೆ ಕಂಡಿತು: ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು ಅಪರಾಧ, ಸದಾ ಕಟ್ಟಿಹಾಕಿದ ನಾಯಿಯನ್ನು ಅದರ ಒಡೆಯ ಓಡಾಡಿಸದಿರುವುದೂ ಅಪರಾಧ. ಮೊದಲ ಸಲದ ತಪ್ಪಿಗೆ ಅದರಲ್ಲಿ ಬರೆದ ದಂಡ ಹತ್ತು ರೂಪಾಯಿಯಿಂದ ಐವತ್ತರವರೆಗೆ! ಗೊರವನಿಗೆ ಪಾಪದ ಭಯವಾದರೂ ಇತ್ತು. ಐವತ್ತು ರೂಪಾಯಿಗೆ ಇವತ್ತು ಯಾರು ಹೆದರುತ್ತಾರೆ, ಹೇಳಿ?

ಏಳನೆಯ ತಿಂಗಳಲ್ಲಿ ಒಂದು ದಿನ ಟೈಗರ್ ಆರಡಿಯ ಗೆರೆ ದಾಟಿ ಗೇಟಿನವರೆಗೆ ಹೋಗಿ, ತಿರುಗಿ ನನ್ನ ಮುಖ ನೋಡಿತು. ವರ್ಷ ತುಂಬುವಷ್ಟರಲ್ಲಿ ತೂಕ ಐವತ್ತೊಂದು ಕಿಲೋ. ಪೊರಕೆಯ ಅಂಜಿಕೆ ಮಾತ್ರ ಪೂರ್ತಿ ಹೋಗಲೇ ಇಲ್ಲ. ಈ ದೊಡ್ಡ ಜಾತಿಗಳ ಆಯಸ್ಸು ಎಂಟು-ಹತ್ತು ವರ್ಷ; ನಮ್ಮ ಜೊತೆ ಅದು ಬಾಳಿದ್ದು ಐದು ವರ್ಷ.

ಬಡಾವಣೆಗಳಲ್ಲಿ ಈಗ ದೊಡ್ಡ ಮನೆ ಎದ್ದಲ್ಲೆಲ್ಲ ದೊಡ್ಡ ನಾಯಿಯೂ ಬರುತ್ತದೆ. ತರುವುದು ಯಾರದೋ ಆಸೆ. ಅದರ ಹೊಟ್ಟೆ, ಹೊತ್ತು, ಹೊಲಸು ಎಲ್ಲ ಕಡೆಗೆ ಮನೆಯ ಹೆಂಗಸಿನ ಪಾಲಿಗೆ. ಹಾಗಾಗಿ ತರುವ ಮುಂಚೆ ‘ದಿನಾ ಯಾರು ಓಡಾಡಿಸುತ್ತೀರಿ?’ ಎಂದು ಕೇಳುವ ಹಕ್ಕೂ ನಮ್ಮದೇ. ಪಕ್ಕದ ಗೇಟಿನಲ್ಲಿ ಹಗಲೂ ರಾತ್ರಿ ಕಟ್ಟಿದ ನಾಯಿ ಕಂಡರೆ ಆ ಮನೆಯವರನ್ನು ಮಾತಾಡಿಸಿ. ‘ಸಂಜೆ ನಾವು ಸ್ವಲ್ಪ ಸುತ್ತಾಡಿಸಿಕೊಂಡು ಬರಲೇ?’ ಎಂದು ಕೇಳಿದರೆ ಜಗಳವಾಗುವುದಿಲ್ಲ. ಕಾಳಿಗೆ ಸತ್ತ ಮೇಲೆ ಕಲ್ಲು ನೆಟ್ಟರು. ಬದುಕಿರುವ ನಾಯಿ ಕೇಳುವುದು ಅಷ್ಟಲ್ಲ: ಹೊತ್ತಿಗೆ ಊಟ, ಆರಡಿಗಿಂತ ತುಸು ಹೆಚ್ಚು ನೆಲ, ಮತ್ತು ತಿರುಗಿ ನೋಡಿದಾಗ ಅಲ್ಲಿ ಒಬ್ಬರು.