ಉಣ್ಣುವವನಿಲ್ಲದೆ ಊರು ದಾಟಿದ ಬುತ್ತಿ

ಜಪಾನಿನ ಕುರುಕಲು ತಿಂಡಿಯ ಡಬ್ಬಿ ತಿಂಗಳಿಗೊಮ್ಮೆ ಮನೆಬಾಗಿಲಿಗೆ ಬರಲೆಂದು ಚಂದಾ ಕಟ್ಟುವುದು ಈಚಿನ ಶೋಕಿ. ಅದರೊಳಗಿನ ಸೆನ್‌ಬೇ ಎಂಬ ಅಕ್ಕಿಯ ತಿನಿಸು ಸಮುದ್ರ ದಾಟಿಯೂ ಕೆಡದಿರುವುದಕ್ಕೂ ಗದಗದ ಬಳಿಯ ಮುಂಡರಗಿಯ ಖಡಕ್ ರೊಟ್ಟಿ ಧಾರವಾಡದ ಬಾಡಿಗೆ ಕೋಣೆಯಲ್ಲಿ ವಾರಗಟ್ಟಲೆ ಬಾಳುವುದಕ್ಕೂ ಕಾರಣ ಒಂದೇ: ಎರಡರಲ್ಲೂ ನೀರಿನ ಪಸೆ ಹೆಚ್ಚು ಉಳಿದಿಲ್ಲ. ಆದರೆ ಕೆಡದ ತಿಂಡಿ ಇದ್ದಮಾತ್ರಕ್ಕೆ ಅದು ದೂರದೂರಿಗೆ ತಪ್ಪದೆ ಹೋಗಿ ಮುಟ್ಟುವುದಿಲ್ಲ. ಗದಗ ಸೀಮೆಯವರು ಓದುವ ಮಕ್ಕಳಿಗೆ ಬಸ್ಸಿನಲ್ಲಿ ಬುತ್ತಿ ಕಳಿಸುವ ರೂಢಿಯನ್ನು ನಾವು ತಾಯಿಯ ಕರುಳಿನ ಕಥೆಯಾಗಿ ಹೇಳುತ್ತ ಬಂದಿದ್ದೇವೆ. ಅದು ಅಷ್ಟೇ ಮಟ್ಟಿಗೆ ಬಸ್ಸಿನ ವೇಳಾಪಟ್ಟಿಯ ಕಥೆಯೂ ಹೌದು.

ಬುತ್ತಿ ಬಸ್ಸಿಗಿಂತ ಹಳೆಯದಲ್ಲವೆ ಎಂದು ಕೇಳಬಹುದು. ಹಳೆಯದೇ. ಹೊಲಕ್ಕೆ, ಸಂತೆಗೆ, ಜಾತ್ರೆಗೆ ಹೋಗುವವರು ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಕಟ್ಟಿಕೊಂಡೇ ಹೊರಡುತ್ತಿದ್ದರು. ಆದರೆ ಆ ಗಂಟು ಉಣ್ಣುವವನ ಹೆಗಲ ಮೇಲೋ, ಮನೆಯವರ ತಲೆಯ ಮೇಲೋ ಇರುತ್ತಿತ್ತು. ಉಣ್ಣುವವನನ್ನು ಬಿಟ್ಟು, ಮನೆಯವರನ್ನೂ ಬಿಟ್ಟು, ಗಂಟು ದಿನವೂ ತಾನೊಂದೇ ಪಯಣಿಸತೊಡಗಿದ್ದು ಹೊಸತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಗದಗಕ್ಕೆ ಬಂದು ಹತ್ತಿ ವ್ಯಾಪಾರವನ್ನೇನೋ ಬದಲಿಸಿತು. ಆದರೆ ಸುತ್ತಲಿನ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಆ ಹಳಿಯಿಂದ ದೂರವೇ ಉಳಿದವು. ಆಡಳಿತವೂ ಒಂದಾಗಿರಲಿಲ್ಲ: ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯದು. 1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು. ಮುಂಬೈ ಸರಕಾರ ತನ್ನದೇ ಬಸ್ಸು ಓಡಿಸಲು ತೊಡಗಿದ್ದೂ ಅದೇ ವರ್ಷ. ಮರುವರ್ಷ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿ, ಬೇಗನೆ ಧಾರವಾಡದಲ್ಲಿ ನೆಲೆಯೂರಿತು. ಹಳ್ಳಿಯ ಹುಡುಗರು ಶಹರಕ್ಕೆ ಓದಲು ಹೋಗುವುದು ಹೆಚ್ಚಿದಂತೆ, ಅವರನ್ನು ಒಯ್ದ ದಾರಿಯಲ್ಲೇ ರೊಟ್ಟಿಯೂ ಹೊರಟಿತು. ಕಾಲೇಜುಗಳೆಲ್ಲ ಶಹರದಲ್ಲೇ ಗುಡ್ಡೆಬಿದ್ದಿದ್ದರ ಭಾರ ಹೊತ್ತದ್ದು ಹಳ್ಳಿಯ ಒಲೆ. ಕರುಳಿನ ಮಾತಿನಲ್ಲಿ ಇದು ಮರೆಯಾಗುತ್ತದೆ.

ಖಾನಾವಳಿ ಇರಲಿಲ್ಲವೆ ಎಂಬುದು ಇನ್ನೊಂದು ಆಕ್ಷೇಪ. ಇತ್ತು, ತಿಂಗಳ ಹಣ ಕಟ್ಟಿ ಎರಡು ಹೊತ್ತು ಉಣ್ಣುವ ಆ ಪದ್ಧತಿಯೇ ನಮ್ಮಲ್ಲಿ ಚಂದಾ ಊಟಕ್ಕೆ ಹತ್ತಿರದ್ದು. ಆದರೆ ಅದಕ್ಕೆ ತಿಂಗಳು ತಿಂಗಳು ನಗದು ಬೇಕು. ಮಳೆ ನಂಬಿದ ಎರೆಹೊಲದ ಮನೆಯಲ್ಲಿ ಜೋಳ ಇರುತ್ತದೆ, ರೊಕ್ಕ ಸುಗ್ಗಿಯಲ್ಲಷ್ಟೇ. ಬುತ್ತಿಯೆಂದರೆ ಫೀಸಿನ ಒಂದು ಪಾಲನ್ನು ಕಾಳಿನಲ್ಲೇ ತುಂಬಿದ ಹಾಗೆ. ಸಾಗಣೆಯ ಕೂಲಿಯನ್ನು ಬಹುಪಾಲು ಡ್ರೈವರ್, ಕಂಡಕ್ಟರರ ಸೌಜನ್ಯವೇ ಭರಿಸಿತು. ಈ ಸೌಜನ್ಯ ಯಾವ ಲೆಕ್ಕಪುಸ್ತಕದಲ್ಲೂ ಏರುವಂಥದ್ದಲ್ಲ.

ಎಲ್ಲ ಬುತ್ತಿಯೂ ಒಂದೇ ಅಲ್ಲ. ಸುಮಾರು 40 ಕಿ.ಮೀ. ದೂರದ ಮುಂಡರಗಿಯಿಂದ ಗದಗ-ಬೆಟಗೇರಿಗೆ ಮೆತ್ತನೆಯ ರೊಟ್ಟಿ, ಪಲ್ಯ ಬೆಳಗಿನ ಗಾಡಿಯಲ್ಲಿ ಬಂದು ಮಧ್ಯಾಹ್ನದೊಳಗೆ ಮುಗಿಯಬೇಕು. ಖಡಕ್ ರೊಟ್ಟಿಗೆ ಆ ಅವಸರವಿಲ್ಲ. ಅದಕ್ಕೇ ಮುಂದೆ ಸರಕಾದದ್ದು ಖಡಕ್ ರೊಟ್ಟಿ ಮಾತ್ರ. ಹೆಂಗಸರು ಮನೆಯಲ್ಲಿ, ಸ್ವಸಹಾಯ ಸಂಘಗಳಲ್ಲಿ ಬಡಿದ ರೊಟ್ಟಿ ಇಂದು ಪ್ಯಾಕೆಟ್ಟಾಗಿ ಬೆಂಗಳೂರಿಗೂ ವಿದೇಶಕ್ಕೂ ಹೋಗುತ್ತದೆ. ಮೆತ್ತನೆಯ ರೊಟ್ಟಿಗೆ ಈಗಲೂ ಬೆಳಗಿನ ಬಸ್ಸೇ ಗತಿ.